ಒಂದು ಲೋಟ ಅಕ್ಕಿಹಿಟ್ಟು

ನನ್ನ ಹೆಂಡತಿ ತವರಿಗೆ ಹೊರಟಾಗ ಮೂರು ಕೆಲಸ ಒಪ್ಪಿಸಿದಳು. ಟ್ಯಾಂಕು ತುಂಬಿದ ಮೇಲೆ ಮೋಟರು ಆಫ್ ಮಾಡುವುದು, ರಾತ್ರಿ ಗ್ಯಾಸು ಬಂದ್ ಮಾಡುವುದು, ಚರ್ಚಿಗೆ ಓಸ್ತಿ ಸುಡುವುದು. ಅವಳ ತಾಯಿ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಿದ್ದರಿಂದ ಒಂದು ತಿಂಗಳಾದರೂ ಅಲ್ಲಿರಬೇಕಿತ್ತು. ಮೊದಲಿನ ಎರಡು ಕೆಲಸಗಳ ಬಗ್ಗೆ ನಾನು ದಿನಾ ಚಿಂತೆ ಮಾಡಿದೆ. ಆಫೀಸಿಗೆ ಹೊರಟವನು ಶಿಕಾರಿಪುರದ ಬಸ್‌ಸ್ಟ್ಯಾಂಡಿನವರೆಗೂ ಹೋಗಿ, ಗ್ಯಾಸು ನೋಡಲು ವಾಪಸ್ ಬಂದದ್ದೂ ಉಂಟು. ಮೂರನೆಯದರ ಬಗ್ಗೆ ಒಂದು ನಿಮಿಷವೂ ಚಿಂತೆ ಮಾಡಲಿಲ್ಲ. ಐವತ್ತೆರಡು ವರ್ಷ ಚಿಂತೆಯನ್ನೇ ಕಸುಬು ಮಾಡಿಕೊಂಡವನು, ಮಾಡಬೇಕಾದ ಕಡೆ ಮಾಡಲಿಲ್ಲ.

ಓಸ್ತಿ ಅಂದರೆ ಬಲಿಪೂಜೆಗೆ ಬಳಸುವ ತೆಳ್ಳನೆಯ ಬಿಳಿ ರೊಟ್ಟಿ, ಎಂಟಾಣೆ ಬಿಲ್ಲೆಯಷ್ಟು ಅಗಲ. ಪೂಜೆಗೆ ಮುಂಚೆ ಅದು ಬರೀ ರೊಟ್ಟಿ. ಗುರುಗಳು ಪೀಠದ ಮೇಲೆ ಅದನ್ನು ಎತ್ತಿ ಹಿಡಿದು ಹೇಳಬೇಕಾದ ಮಾತು ಹೇಳಿದ ಮೇಲೆ ಅದು ಕ್ರಿಸ್ತನ ಶರೀರ, ಪರಮಪ್ರಸಾದ; ನಾವು ಕಥೋಲಿಕರು ನಂಬುವುದು ಹಾಗೆ. ಮೊದಲು ಕನ್ಯಾಸ್ತ್ರೀಯರು ಮಾಡಿಕೊಡುತ್ತಿದ್ದರು. ಅವರ ಮಠ ಬೇರೆ ಊರಿಗೆ ಹೋದಾಗ ಓಸ್ತಿ ಸುಡುವ ಯಂತ್ರ ನಮ್ಮ ಮನೆಗೆ ಬಂತು. ಎರಡು ಕಬ್ಬಿಣದ ತಟ್ಟೆ ಮುಚ್ಚಿ ತೆರೆಯುವ ಕರೆಂಟಿನ ಕಾವಲಿ ಅದು. ಒಳಗೆ ಸಣ್ಣಸಣ್ಣ ಶಿಲುಬೆಗಳ ಅಚ್ಚು. ಹಿಟ್ಟು ಕಲಸಿ ಹೊಯ್ದು ಮುಚ್ಚಿದರೆ ಹಾಳೆಯಾಗಿ ಬರುತ್ತದೆ. ಆಮೇಲೆ ಅಚ್ಚಿನಲ್ಲಿ ಒತ್ತಿ ಬಿಲ್ಲೆ ಬಿಡಿಸಬೇಕು. ಹೆಂಡತಿ ಮಾಡುವಾಗ ನಾನು ಪಕ್ಕದಲ್ಲಿ ಕೂತು, ವೈರು ಬಿಸಿಯಾಗಿದೆಯಾ ಅಂತ ಮುಟ್ಟಿ ನೋಡುತ್ತಿದ್ದೆ. ಹಿಟ್ಟಿನ ಕಡೆ ನನ್ನ ಗಮನ ಹೋಗಿರಲಿಲ್ಲ.

ಅವಳು ಹೋದ ಶನಿವಾರ ಗೋಧಿಹಿಟ್ಟು ಜರಡಿ ಹಿಡಿದು ನೀರಲ್ಲಿ ಕಲಸಿ ಹೊಯ್ದೆ. ಕಾವಲಿ ಬಿಡಲಿಲ್ಲ. ಕೆರೆದು ತೆಗೆದರೆ ತುಂಡುತುಂಡು, ತೆಗೆದದ್ದೂ ಮೆತ್ತಗೆ. ಎರಡನೇ ಸಲ ನೀರು ಹೆಚ್ಚು ಮಾಡಿದೆ. ಅಂಚು ಸುಟ್ಟು, ನಡುವೆ ಹಸಿ. ಮೂರನೇ ಸಲದ ಹೊತ್ತಿಗೆ ನನಗೆ ಜ್ಞಾನೋದಯವಾಯಿತು. ಗೋಧಿದೋಸೆ ಗರಿಗರಿ ಆಗಬೇಕಾದರೆ ಏನು ಮಾಡುತ್ತಾರೆ? ಒಂದು ಹಿಡಿ ಅಕ್ಕಿಹಿಟ್ಟು ಬೆರೆಸುತ್ತಾರೆ. ಬೆರೆಸಿದೆ. ಚೆನ್ನಾಗಿ ಬಂತು. ಇನ್ನಷ್ಟು ಬೆರೆಸಿದೆ, ಇನ್ನೂ ಚೆನ್ನಾಗಿ ಬಂತು. ಕೊನೆಗೆ ಒಂದು ಲೋಟ ಗೋಧಿಗೆ ಒಂದು ಲೋಟ ಅಕ್ಕಿ, ಮೇಲೆ ಸ್ವಲ್ಪ. ಮಲ್ಲಿಗೆಯಷ್ಟು ಬಿಳಿ, ಊದಿದರೆ ಹಾರಿಹೋಗುವಷ್ಟು ಹಗುರ. ಮೂರು ವಾರಕ್ಕೆ ಸಾಲುವಷ್ಟು ಸುಟ್ಟು, ಹೆಂಡತಿಗೆ ಫೋಟೋ ಕಳಿಸಿದೆ. ಬೆರಳು ಸುಟ್ಕೊಂಡಿಲ್ಲ ತಾನೇ ಅಂತ ಕೇಳಿದಳು.

ನಮ್ಮ ಹೊಸ ಫಾದರ್ ಬಂದು ಆಗ ನಾಲ್ಕು ತಿಂಗಳಾಗಿತ್ತು. ಹಿಂದಿದ್ದವರು ವಯಸ್ಸಾದವರು, ಇಪ್ಪತ್ತೈದು ನಿಮಿಷದಲ್ಲಿ ಪೂಜೆ ಮುಗಿಸಿ, ಯಾರ ಮನೆಯಲ್ಲಿ ತಿಂಡಿ ಅಂತ ಕೇಳುತ್ತಿದ್ದರು. ಇವರಿಗೆ ಮೂವತ್ತೈದು ದಾಟಿರಲಿಕ್ಕಿಲ್ಲ. ಪೂಜೆಯ ನಿಯಮಗಳ ದಪ್ಪ ಪುಸ್ತಕ ಒಂದು ಇವರ ಮೇಜಿನ ಮೇಲೆ ಯಾವಾಗಲೂ ತೆರೆದಿರುತ್ತಿತ್ತು. ಪೀಠದ ಮೇಲೆ ಪ್ಲಾಸ್ಟಿಕ್ ಹೂವು ಬೇಡ ಅಂದರು. ಪ್ರಸಾದ ಕೊಡುವಾಗ ಮೊಬೈಲಿನಲ್ಲಿ ಫೋಟೋ ಬೇಡ ಅಂದರು. ವಾಚನ ಓದುವವರು ಮನೆಯಲ್ಲೇ ಮೂರು ಸಲ ಓದಿಕೊಂಡು ಬರಬೇಕು, ಪರಮಪ್ರಸಾದ ಕೈಯಲ್ಲಿ ತಗೊಳ್ಳುವವರು ಎಡಗೈಯನ್ನು ಬಲಗೈ ಮೇಲೆ ಇಡಬೇಕು, ನಡೆಯುತ್ತಾ ಬಾಯಿಗೆ ಹಾಕಿಕೊಳ್ಳಬಾರದು. ಹಾಡುವ ಹೆಂಗಸೊಬ್ಬರು ನನ್ನ ಹತ್ತಿರ, "ಪೂಜೆಗೆ ಹೋಗೂದು ಈಗ ಡ್ರೈವಿಂಗ್ ಲೈಸೆನ್ಸ್ ಟೆಸ್ಟಿಗೆ ಹೋದಂಗ ಆಗೇತ್ರಿ" ಅಂದರು. ನನಗೆ ಮಾತ್ರ ಇವರು ಹಿಡಿಸಿದ್ದರು. ಸರ್ವೆ ಆಫೀಸಿನಲ್ಲಿ ಇಪ್ಪತ್ತಾರು ವರ್ಷ ಅರ್ಧ ಗುಂಟೆ ಜಾಗಕ್ಕೆ ಅಣ್ಣತಮ್ಮಂದಿರು ಹೊಡೆದಾಡುವುದನ್ನು ನೋಡಿದವನು ನಾನು. ಗೆರೆ ಎಲ್ಲಿದೆ ಅಂತ ಯಾರಾದರೂ ಖಚಿತವಾಗಿ ಹೇಳಿದರೆ ಜೀವಕ್ಕೆ ನಿರಾಳ. ಅವರೂ ನನ್ನ ಓಸ್ತಿಯನ್ನು ಬೆಳಕಿಗೆ ಹಿಡಿದು ನೋಡಿ, ಇಷ್ಟು ಚಂದದ್ದು ಶಿವಮೊಗ್ಗದಲ್ಲೂ ಸಿಗಲ್ಲ ಅಂದಿದ್ದರು. ಆ ಮಾತನ್ನು ನಾನು ಆಫೀಸಿನಲ್ಲಿ ಇಬ್ಬರಿಗೆ ಹೇಳಿದೆ. ಇಬ್ಬರಿಗೂ ಓಸ್ತಿ ಏನಂತ ಗೊತ್ತಿರಲಿಲ್ಲ.

ಮೂರನೇ ವಾರದ ಬುಧವಾರ ಫಾದರನ್ನು ಬೈಕಿನಲ್ಲಿ ಸೊರಬಕ್ಕೆ ಕರೆದುಕೊಂಡು ಹೋದೆ. ಅಲ್ಲಿ ನಮ್ಮವರ ಮನೆಗಳು ಏಳೆಂಟು. ಅದರಲ್ಲೊಂದು ಬಸ್‌ಸ್ಟ್ಯಾಂಡಿನ ಹಿಂದುಗಡೆ ಇರುವ ವಯಸ್ಸಾದ ಬಡಗಿಯದು. ಲಿವರು ಪೂರ್ತಿ ಕೆಟ್ಟಿದೆ, ಮನೆಯಲ್ಲೇ ಇಟ್ಟುಕೊಳ್ಳಿ ಅಂತ ಆಸ್ಪತ್ರೆಯವರು ಕಳಿಸಿದ್ದರು. ಫಾದರ್ ಹಣೆಗೆ ಎಣ್ಣೆ ಹಚ್ಚಿ ಪ್ರಾರ್ಥಿಸಿ, ಪರಮಪ್ರಸಾದ ಕೊಟ್ಟರು. ಎರಡು ದಿನದಿಂದ ಗಂಜಿಯನ್ನೂ ನುಂಗದ ಮನುಷ್ಯ ಅದನ್ನು ನುಂಗಿದ. ನುಂಗಿ, ಕೈ ಮುಗಿದು, ತುಂಬಾ ಹೊತ್ತು ಹಾಗೇ ಮಲಗಿದ್ದ. ಅವನ ಹೆಂಡತಿ ನಮ್ಮನ್ನು ಬೈಕಿನವರೆಗೆ ಬಿಡಲು ಬಂದು, ಇನ್ನು ನನಗೆ ಏನೂ ಬೇಡ ಅಂದರು.

ಮರುದಿನ ಗುರುವಾರ ಸಂಜೆ, ಹಾಡುವವರು, ಓದುವವರು, ಪೀಠ ಸಿದ್ಧ ಮಾಡುವವರು ಎಲ್ಲರಿಗೂ ಫಾದರ್ ಪಾಠ ಇಟ್ಟಿದ್ದರು. ಬಂದದ್ದು ಹನ್ನೊಂದು ಜನ. ವಸ್ತ್ರ ಮಡಚುವುದು ಹೇಗೆ, ಬಟ್ಟಲು ತೊಳೆಯುವುದು ಹೇಗೆ ಎಲ್ಲ ಆಯಿತು. ಆಮೇಲೆ ರೊಟ್ಟಿ, ದ್ರಾಕ್ಷಾರಸದ ವಿಷಯಕ್ಕೆ ಬಂದರು. ರೊಟ್ಟಿ ಗೋಧಿಯದ್ದೇ ಆಗಿರಬೇಕು, ಬರೀ ಗೋಧಿ, ಬರೀ ನೀರು. ಬೇರೆ ಧಾನ್ಯದ್ದಾದರೆ ಮಾತು ಎಷ್ಟು ಭಕ್ತಿಯಿಂದ ಹೇಳಿದರೂ ಅದು ರೊಟ್ಟಿಯಾಗಿಯೇ ಉಳಿಯುತ್ತದೆ, ಪೂಜೆ ಆಗುವುದೇ ಇಲ್ಲ ಅಂದರು.

ಅಂಜನಾಪುರದ ಕಡೆಯಿಂದ ಬರುವ ರೈತರೊಬ್ಬರು ಕೇಳಿದರು, ನಮ್ಮ ತಾಲ್ಲೂಕಿನಲ್ಲಿ ಬೆಳೆಯುವುದೆಲ್ಲ ಭತ್ತ, ಮೆಕ್ಕೆಜೋಳ. ಗೋಧಿ ಯಾರೂ ಬೆಳೆಯಲ್ಲವಲ್ಲ, ನಮ್ಮ ಬೆಳೆ ದೇವರಿಗೆ ಯಾಕೆ ಆಗಲ್ಲ ಅಂತ. ಫಾದರ್ ಅದಕ್ಕೆ ಸಮಾಧಾನವಾಗಿ ಉತ್ತರ ಕೊಟ್ಟರು. ಏನು ಕೊಟ್ಟರೋ ನನಗೆ ಗೊತ್ತಿಲ್ಲ. ನನ್ನ ಕಿವಿಯಲ್ಲಿ ನೀರು ಹೊಕ್ಕಂತಾಗಿತ್ತು.

ಕೊನೆಗೆ ನಾನೂ ಕೈ ಎತ್ತಿದೆ. ಗಿರಣಿಯಲ್ಲಿ ಬೇರೆ ಹಿಟ್ಟು ಸ್ವಲ್ಪ ಬೆರೆತು ಬಂದಿದ್ದರೆ, ಅಂದೆ. ಗಿರಣಿಯ ಮೇಲೆ ಹಾಕಿದೆ, ಪಾಪ.

"ಚೂರುಪಾರು ಬೆರೆತರೆ ತೊಂದರೆಯಿಲ್ಲ," ಅಂದರು ಫಾದರ್. "ನೋಡಿದವರು ಇದು ಗೋಧಿರೊಟ್ಟಿ ಅಂತ ಹೇಳುವ ಹಾಗಿರಬೇಕು, ಅಷ್ಟೆ." ಆಮೇಲೆ ನಗುತ್ತಾ ಎಲ್ಲರಿಗೂ ಹೇಳಿದರು, ಇವರಿದ್ದಾರಲ್ಲ, ಇವರು ಗಿರಣಿಯ ಕಲ್ಲಿನ ಬಗ್ಗೆಯೂ ಚಿಂತೆ ಮಾಡ್ತಾರೆ, ಹೀಗಿರಬೇಕು ಅಂತ. ಹತ್ತು ಜನ ನನ್ನ ಕಡೆ ತಿರುಗಿ ಮೆಚ್ಚುಗೆಯಿಂದ ನೋಡಿದರು.

ಮನೆಗೆ ಬಂದು ಡಬ್ಬಿ ತೆಗೆದೆ. ಅಕ್ಕಿಹಿಟ್ಟು ಎಷ್ಟು ಕಡಿಮೆಯಾಗಿದೆ ಅಂತ ಲೋಟದಲ್ಲಿ ಅಳೆದೆ. ಜಮೀನಾಗಿದ್ದರೆ ಎರಡು ಗಂಟೆ ಟೇಪು ಎಳೆದು ಏನಾದರೂ ದಾರಿ ಹುಡುಕುತ್ತಿದ್ದೆ. ಇಲ್ಲಿ ದಾರಿ ಇರಲಿಲ್ಲ. ಗೋಧಿಗಿಂತ ಅಕ್ಕಿಯೇ ಹೆಚ್ಚು. ಹೆಂಡತಿಗೆ ಫೋನು ಮಾಡಿದೆ. ನಾನು ಸುತ್ತಿ ಬಳಸಿ ಹೇಳುವುದನ್ನು ಕೇಳಿಸಿಕೊಂಡಳು. ಹಿಂದೆ ಅವಳ ತಾಯಿ ನರಳುತ್ತಿದ್ದರು.

"ರೀ, ನೀವು ದೋಸೆ ಮಾಡಿದೀರಿ," ಅಂದಳು.

ಈಗಲೇ ಹೋಗಿ ಫಾದರಿಗೆ ಹೇಳಿ ಅಂದಳು. ಬೆಳಿಗ್ಗೆ ಹೇಳುತ್ತೇನೆ ಅಂದೆ. ಬೆಳಿಗ್ಗೆ ಎದ್ದಾಗ, ಮಧ್ಯಾಹ್ನ ಹೇಳಿದರೆ ಅವರು ಊಟ ಮಾಡಿ ತಣ್ಣಗಿರುತ್ತಾರೆ ಅನ್ನಿಸಿತು. ಆಫೀಸಿಗೆ ಹೋಗಿ ಕೂತೆ. ಎದುರಿಗಿದ್ದ ನಕಾಶೆಯಲ್ಲಿ ಒಂದು ಗೆರೆಯೂ ಕಾಣಲಿಲ್ಲ. ಮೂರು ಭಾನುವಾರ, ನಡುವಿನ ದಿನಗಳು, ಅಷ್ಟೂ ಪೂಜೆ. ಎಷ್ಟು ಜನ ನಾಲಗೆ ಚಾಚಿ ಆಮೆನ್ ಅಂದಿದ್ದರು. ಇನ್ನೊಂದು ಲೆಕ್ಕವೂ ನಡೆಯುತ್ತಿತ್ತು. ಇನ್ನೆರಡು ದಿನ ಸುಮ್ಮನಿದ್ದರೆ ಓಸ್ತಿಯ ಡಬ್ಬಿ ಖಾಲಿಯಾಗುತ್ತದೆ, ಆಮೇಲೆ ಸರಿಯಾಗಿ ಸುಟ್ಟರಾಯಿತು, ಯಾರಿಗೆ ಗೊತ್ತಾಗುತ್ತದೆ? ಈ ಲೆಕ್ಕ ಹಾಕಿದ್ದು ಇನ್ಯಾರೋ ಅಂತ ಹೇಳಲು ನನಗೆ ಇವತ್ತಿಗೂ ಆಸೆಯಿದೆ.

ಹನ್ನೆರಡೂವರೆಗೆ ಸೊರಬದಿಂದ ಫೋನು ಬಂತು. ಬಡಗಿಯ ಹೆಂಡತಿ. ನಿನ್ನೆಯಿಂದ ನೀರೂ ಕಷ್ಟ, ಉಸಿರು ಬೇರೆ ಥರ ಆಗಿದೆ, ನರ್ಸಮ್ಮ ಇವತ್ತೋ ನಾಳೆಯೋ ಅಂದಳು ಅಂತ ಹೇಳಿದರು. ದನಿ ನೆಟ್ಟಗಿತ್ತು. ಫಾದರಿಗೆ ತೊಂದರೆ ಕೊಡಬೇಡಿ, ಬರೀ ತಿಳಿಸಿ ಸಾಕು ಅಂದರು.

"ಯೇಸುಸ್ವಾಮಿ ಬುಧವಾರವೇ ಬಂದು ಹೋದ್ರಲ್ಲ. ಇನ್ನು ನಮಗೆ ಹೆದರಿಕೆ ಇಲ್ಲ."

ನಾನು ಹ್ಞೂಂ ಅಂದೆ. ಫೋನಿಟ್ಟ ಮೇಲೂ ಹ್ಞೂಂ ಅನ್ನುತ್ತಿದ್ದೆನಂತೆ. ಪಕ್ಕದ ಮೇಜಿನವರು ಹೇಳಿದರು.

ಫಾದರ್ ಆಗಷ್ಟೇ ತಟ್ಟೆಗೆ ಅನ್ನ ಹಾಕಿಕೊಂಡಿದ್ದರು. ನಾನು ಕೂರಲಿಲ್ಲ. ಗಿರಣಿಯಲ್ಲ, ನಾನೇ, ಒಂದು ಲೋಟ ಅಂತ ಶುರು ಮಾಡಿ, ಬಡಗಿಯ ವಿಷಯದಲ್ಲಿ ಮುಗಿಸಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ನಿನ್ನೆ ಸಂಜೆಯಿಂದ ಇವತ್ತಿನವರೆಗೆ ಬೈಗುಳವನ್ನೆಲ್ಲ ನಾನೇ ಬರೆದು ಬಾಯಿಪಾಠ ಮಾಡಿಕೊಂಡಿದ್ದೆ. ಅವರು ಬೆರಳಿಗೆ ಅಂಟಿದ ಅನ್ನವನ್ನು ತಟ್ಟೆಗೆ ಉದುರಿಸಿ ಕೈ ತೊಳೆದರು.

"ಯಾವಾಗ ಗೊತ್ತಾಯ್ತು ನಿಮಗೆ?"

"ನಿನ್ನೆ. ಪಾಠದಲ್ಲಿ."

"ಇವತ್ತು ಬೆಳಿಗ್ಗೆ ನಾನು ಪೂಜೆ ಮಾಡಿದೆ," ಅಂದರು. ಅಷ್ಟೇ ಅಂದರು. ನಾನು ಬರೆದುಕೊಂಡಿದ್ದ ಬೈಗುಳದಲ್ಲಿ ಇದು ಇರಲಿಲ್ಲ.

ಚರ್ಚಿನೊಳಗೆ ಇಬ್ಬರು ಹೆಂಗಸರು ಮೊಣಕಾಲೂರಿ ಜಪಸರ ಹೇಳುತ್ತಿದ್ದರು. ಪರಮಪ್ರಸಾದ ಇಡುವ ಪೆಟ್ಟಿಗೆಯ ಮುಂದೆ ಕೆಂಪು ಗಾಜಿನಲ್ಲಿ ದೀಪ ಉರಿಯುತ್ತಿತ್ತು. ಒಳಗೆ ಸ್ವಾಮಿ ಇದ್ದಾನೆ ಅನ್ನುವುದಕ್ಕೆ ಅದು ಗುರುತು. ಹಗಲೂ ರಾತ್ರಿ ಆರಬಾರದು. ಮೂರು ವಾರದಿಂದ ಅದು ನನ್ನ ದೋಸೆಗೆ ಉರಿಯುತ್ತಿತ್ತು. ಫಾದರ್ ಪೆಟ್ಟಿಗೆಯ ಬೀಗ ತೆಗೆದರು. ಪಾತ್ರೆಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ತೆಗೆದು, ಪೆಟ್ಟಿಗೆಯ ಬಾಗಿಲು ಹಾಗೇ ತೆರೆದು ಬಿಟ್ಟರು. ಬಗ್ಗಿ ದೀಪ ಊದಿದರು. ಹೆಂಗಸೊಬ್ಬರು ಎಣ್ಣೆ ಮುಗೀತಾ ಫಾದರ್ ಅಂತ ಕೇಳಿದರು. ಇಲ್ಲಮ್ಮ, ಭಾನುವಾರ ಎಲ್ಲರಿಗೂ ಹೇಳ್ತೀನಿ ಅಂದರು. ಹೊರಗೆ ಬಂದ ಮೇಲೆ ನಾನು, ಯಾರು ಸುಟ್ಟಿದ್ದು ಅಂತಲೂ ಹೇಳ್ತೀರಾ ಅಂತ ಕೇಳಿದೆ. ಅವರು ನನ್ನನ್ನು ನೋಡಿದ ರೀತಿಗೆ, ಆ ಪ್ರಶ್ನೆ ವಾಪಸ್ ತಗೊಳ್ಳಲು ಆಗುತ್ತಿದ್ದರೆ ತಗೊಳ್ಳುತ್ತಿದ್ದೆ.

ಊರಿನಲ್ಲಿ ಬೇರೆ ಓಸ್ತಿ ಇರಲಿಲ್ಲ. ಶಿವಮೊಗ್ಗದಿಂದ ತರಿಸಿದರೆ ಕತ್ತಲಾಗುತ್ತದೆ. ಸುಡಬೇಕು, ಪೂಜೆ ಮಾಡಬೇಕು, ಅದನ್ನು ಸೊರಬಕ್ಕೆ ಒಯ್ಯಬೇಕು. ಅಷ್ಟರವರೆಗೆ ಆ ಮನುಷ್ಯನ ಉಸಿರು ಇರಬೇಕು. ನಮ್ಮ ಅಡುಗೆಮನೆಯಲ್ಲಿ ಫಾದರ್ ಜುಬ್ಬದ ತೋಳು ಮಡಚಿ ನಿಂತರು. ಒಂದು ತುತ್ತು ಬಾಯಿಗೆ ಹಾಕಿದ್ದೆ, ಪ್ರಸಾದ ತಗೊಳ್ಳುವ ಮುಂಚೆ ಒಂದು ಗಂಟೆ ಉಪವಾಸ ಇರಬೇಕು, ಹೇಗೂ ಅಷ್ಟು ಹೊತ್ತಾಗುತ್ತದೆ ಅಂದರು. ಹೆಂಡತಿಯನ್ನು ಫೋನಿನಲ್ಲಿ ಸ್ಪೀಕರಿಗೆ ಹಾಕಿ ಹಿಟ್ಟಿನ ಡಬ್ಬಿಯ ಮೇಲೆ ಇಟ್ಟೆ. ಕಾವಲಿ ಇನ್ನೂ ಕಾಯಬೇಕು, ಮುಚ್ಚಿದ ಮೇಲೆ ತೆಗೆದು ಇಣುಕಬೇಡಿ, ನಿಮಗೆ ಇಣುಕುವ ಚಟ ಅಂದಳು. ಫಾದರ್ ಅವತ್ತು ಮೊದಲ ಸಲ ತುಟಿಯಂಚಿನಲ್ಲಿ ನಕ್ಕರೋ ಏನೋ. ಅಷ್ಟರಲ್ಲಿ ಕರೆಂಟು ಹೋಯಿತು.

ಇಪ್ಪತ್ತು ನಿಮಿಷ. ಇಬ್ಬರೂ ತಣ್ಣಗಾಗುತ್ತಿದ್ದ ಕಾವಲಿಯನ್ನು ನೋಡುತ್ತಾ ನಿಂತೆವು. ನಾನು ಎರಡು ಸಲ ಸೊರಬಕ್ಕೆ ಫೋನು ಮಾಡಲು ತೆಗೆದು, ಏನು ಕೇಳುವುದು ಅಂತ ತೋಚದೆ ಇಟ್ಟೆ. ಇದ್ದಾರಾ ಅಂತ ಕೇಳುವುದಾ?

ಕರೆಂಟು ಬಂದ ಮೇಲೆ ಏಳೆಂಟು ಬಿಲ್ಲೆ ಸಿಕ್ಕವು. ಕಂದು ಬಣ್ಣ, ದಪ್ಪ, ಒಂದರಲ್ಲಿ ಶಿಲುಬೆಯ ಒಂದು ತೋಳು ಇರಲಿಲ್ಲ. ಹೆಂಡತಿಗೆ ವಿವರಿಸಿದೆ. ಅದೇ ಸಾಕು, ಹೋಗಿ ಅಂದಳು. ಖಾಲಿ ಚರ್ಚಿನಲ್ಲಿ ಫಾದರ್ ಪೂಜೆ ಮಾಡಿದರು. ಜನ ಅಂತ ಇದ್ದದ್ದು ನಾನೊಬ್ಬ. ಅವಸರದ ಹೊತ್ತು, ಹಳೆಯ ಫಾದರ್ ಆಗಿದ್ದರೆ ಹನ್ನೆರಡು ನಿಮಿಷ. ಇವರು ಒಂದು ಮಾತನ್ನೂ ಓಡಿಸಲಿಲ್ಲ. ನಾನು ವಾಚು ನೋಡುತ್ತಿದ್ದೆ, ನೋಡಿದ್ದಕ್ಕೆ ನಾಚುತ್ತಿದ್ದೆ, ಮತ್ತೆ ನೋಡುತ್ತಿದ್ದೆ. ಅವರು ಆ ಕಂದು ರೊಟ್ಟಿಯನ್ನು ಎತ್ತಿ ಹಿಡಿದಾಗ ವಾಚು ಮರೆತೆ. ಇಷ್ಟು ವರ್ಷದಲ್ಲಿ ನಾನು ಅಷ್ಟು ಹೊತ್ತು ಅದನ್ನೇ ನೋಡಿದ್ದು ಅವತ್ತೇ ಮೊದಲು.

ಶಿಕಾರಿಪುರ ಬಿಟ್ಟಾಗ ಮೂರೂವರೆ ದಾಟಿತ್ತು. ಚಿಕ್ಕ ಬೆಳ್ಳಿಡಬ್ಬಿಯಲ್ಲಿ ಪರಮಪ್ರಸಾದ, ಡಬ್ಬಿ ಚೀಲದಲ್ಲಿ, ಚೀಲ ಫಾದರ ಕೊರಳಲ್ಲಿ, ಅದರ ಮೇಲೆ ಅವರ ಅಂಗೈ. ಸ್ವಾಮಿಯನ್ನು ಒಯ್ಯುವಾಗ ದಾರಿಯಲ್ಲಿ ಹರಟೆಯಿಲ್ಲ, ಚಹಾಕ್ಕೆ ನಿಲ್ಲುವಂತಿಲ್ಲ. ಇದು ಅವರು ಬಂದ ಹೊಸದರಲ್ಲೇ ಮಾಡಿದ ಪದ್ಧತಿ. ಮಾತಾಡಿದರೆ ಚಿಂತೆ ಸ್ವಲ್ಪ ಹಂಚಿಹೋಗುತ್ತದೆ. ಬಾಯಿ ಮುಚ್ಚಿದರೆ ಪೂರ್ತಿ ನನ್ನದೇ. ಪಂಚರ್ ಆದರೆ? ಪೆಟ್ರೋಲು ನೋಡಿದ್ದೆನಾ? ಗ್ಯಾಸು ಬಂದ್ ಮಾಡಿದ್ದೆನಾ? ಶಿರಾಳಕೊಪ್ಪದಲ್ಲಿ ಶುಕ್ರವಾರದ ಜನ, ಜೋಳ ತುಂಬಿದ ಟ್ರ್ಯಾಕ್ಟರುಗಳು, ಒಂದರ ಹಿಂದೆ ಒಂದು. ಚಪ್ಪಲಿ ಅಂಗಡಿಯ ಸಾಹೇಬರು, ನನ್ನ ಹಳೆಯ ಸ್ನೇಹಿತರು, ಕೈ ಅಡ್ಡ ಹಿಡಿದು ಕರೆದರು. ನಾನು ಮುಖ ತಿರುಗಿಸಿ ಹೋದೆ. ಸಂಜೆ ಅವರು ಫೋನು ಮಾಡಿ, ಏನ್ರಿ, ತಹಶೀಲ್ದಾರ್ ಆದ್ರಾ ಅಂತ ಕೇಳಿದರು. ಪ್ರತಿ ಹಂಪಿನಲ್ಲೂ ಬೈಕು ಎಷ್ಟು ನಿಧಾನ ಮಾಡಿದೆನೆಂದರೆ ಸೈಕಲ್ಲಿನವರು ದಾಟಿ ಹೋದರು. ಫಾದರ್ ನನ್ನ ಭುಜವನ್ನು ಎರಡು ಸಲ ತಟ್ಟಿದರು. ಬೇಗ ಅಂತಲೋ ಮೆಲ್ಲಗೆ ಅಂತಲೋ ಕೇಳುವಂತಿರಲಿಲ್ಲ.

ಬಡಗಿಯ ಮನೆಯ ಮುಂದೆ ಹತ್ತು ಹನ್ನೆರಡು ಜೊತೆ ಚಪ್ಪಲಿ ಬಿದ್ದಿದ್ದವು. ನಾನು ಬೈಕಿನ ಮೇಲೇ ಕೂತಿದ್ದೆ. ಫಾದರ್ ನನಗೆ ಕಾಯದೆ ಒಳಗೆ ಹೋದರು. ಅಳುವ ಸದ್ದು ಕೇಳುತ್ತದೆಯಾ ಅಂತ ಕಿವಿಗೊಟ್ಟೆ. ಕುಕ್ಕರು ಕೂಗಿತು. ಸತ್ತ ಮನೆಯಲ್ಲಿ ಕುಕ್ಕರು ಇಡುವುದಿಲ್ಲ ಅಂತ ಧೈರ್ಯ ಮಾಡಿ ಒಳಗೆ ಹೋದೆ.

ಅಕ್ಕಪಕ್ಕದವರು ನೋಡಿಹೋಗಲು ಬಂದಿದ್ದರು. ಫಾದರನ್ನು ಕಂಡು ಎದ್ದು ಹೊರಗೆ ಹೋದರು. ಬಡಗಿ ಕಣ್ಣು ಅರ್ಧ ತೆರೆದು ಮಲಗಿದ್ದ. ಉಸಿರು ಗರಗಸ ಎಳೆದಂತೆ. ಅವನ ಹೆಂಡತಿ ಫಾದರ ಕೊರಳಿನ ಚೀಲ ನೋಡಿದರು, ನನ್ನನ್ನು ನೋಡಿದರು.

"ಬುಧವಾರ ಕೊಟ್ಟಿದ್ರಲ್ಲ ಫಾದರ್. ಮತ್ತೆ ಯಾಕೆ?"

ಫಾದರ್ ಬಾಯಿ ತೆರೆದರು. ಅವರು ನನ್ನ ಹೆಸರು ಹೇಳದೆ ಏನೋ ಒಂದು ಹೇಳಿಬಿಡುತ್ತಾರೆ ಅನ್ನಿಸಿತು. ಅದಕ್ಕೇ ಕಾಯುತ್ತಿದ್ದೆನೇನೋ. ಆದರೆ ಆಕೆ ಕೇಳಿದ್ದು ಅವರನ್ನಾದರೂ ನೋಡುತ್ತಿದ್ದದ್ದು ನನ್ನ ಕಡೆ.

"ನಾನು ಹಿಟ್ಟಿಗೆ ಅಕ್ಕಿ ಬೆರೆಸಿದ್ದೆ ಅಮ್ಮ," ಅಂದೆ. "ಗರಿಗರಿ ಆಗಲಿ ಅಂತ. ಹಂಗೆ ಮಾಡಿದ್ರೆ ಅದು ಪರಮಪ್ರಸಾದ ಆಗಲ್ಲ. ಬುಧವಾರದ್ದು ಬರೀ ರೊಟ್ಟಿ."

ಆಕೆ ಸೆರಗನ್ನು ಹಿಡಿದುಕೊಂಡು ಹಾಸಿಗೆಯ ಅಂಚಿಗೆ ಕೂತರು. ಗಂಡನ ಕಾಲಿನ ಮೇಲೆ ಕಂಬಳಿ ಎಳೆದರು.

"ಹಂಗಾದ್ರೆ ಅವತ್ತು ಇವರು ಅಷ್ಟೊತ್ತು ಕೈ ಮುಗಿದದ್ದು ಯಾರಿಗೆ?"

ಫಾದರ್ ನೆಲದ ಮೇಲೆ ಮೊಣಕಾಲೂರಿ ಆಕೆಯ ಮುಖದ ಮಟ್ಟಕ್ಕೆ ಬಂದರು. "ಅವರು ಮುಗಿದದ್ದು ಸ್ವಾಮಿಗೇ ಅಮ್ಮ. ಸ್ವಾಮಿಗೆ ಅದು ಮುಟ್ಟಿದೆ. ತರಬೇಕಾದ್ದನ್ನು ತರದೇ ಇದ್ದವರು ನಾವು. ಈಗ ತಂದಿದೀವಿ." ಆಕೆ ಒಪ್ಪಿದರೋ ಇಲ್ಲವೋ ತಿಳಿಯಲಿಲ್ಲ. ಎದ್ದು ಹೋಗಿ ಮೇಣದಬತ್ತಿ, ಬಿಳಿ ಬಟ್ಟೆ, ಒಂದು ಲೋಟ ನೀರು ತಂದು ಸ್ಟೂಲಿನ ಮೇಲೆ ಇಟ್ಟರು. ಇಡುವಾಗ ನನಗೆ, ಪಕ್ಕಕ್ಕೆ ಸರೀರಿ, ಬೆಳಕು ಬರಲಿ ಅಂದರು.

ಫಾದರ್ ಪ್ರಾರ್ಥನೆ ಹೇಳಿ ಡಬ್ಬಿ ತೆರೆದರು. ನುಂಗಲಾಗದವರಿಗೆ ತೀರಾ ಚಿಕ್ಕ ಚೂರು ಸಾಕು, ಅದರಲ್ಲೂ ಸ್ವಾಮಿ ಪೂರ್ತಿ ಇರುತ್ತಾನೆ. ಅವರು ಮುರಿಯಹೋದರು. ನನ್ನ ದಪ್ಪ ಗೋಧಿರೊಟ್ಟಿ ಬೇಕಾದ ಕಡೆ ಮುರಿಯಲಿಲ್ಲ, ಪುಡಿಯಾಯಿತು. ಒಂದು ಚೂರನ್ನು ಚಮಚದ ನೀರಿನಲ್ಲಿ ನೆನೆಸಿ, "ಕ್ರಿಸ್ತನ ಶರೀರ" ಅಂದರು. ಬಡಗಿಯ ತುಟಿ ಆಡಿತು. ಆಮೆನ್ ಅಂತ ಹೆಂಡತಿ ಹೇಳಿದರು. ಚಮಚ ಬಾಯೊಳಗೆ ಹೋಯಿತು. ನಾವು ಮೂವರೂ ಅವನ ಗಂಟಲನ್ನು ನೋಡುತ್ತಿದ್ದೆವು. ಅದು ಮೇಲೆ ಬಂತು, ನಿಂತಿತು. ಅವನು ಕೆಮ್ಮಿದ. ಇಡೀ ಮೈ ಹಾಸಿಗೆಯಿಂದ ಎದ್ದಿತು. ನಾನು ಕಣ್ಣು ಮುಚ್ಚಿದೆ.

ತೆರೆದಾಗ ಗಂಟಲು ಇಳಿಯುತ್ತಿತ್ತು.

"ಹೋಯ್ತಾ?" ಅಂತ ಆಕೆ ಕೇಳಿದರು. ಫಾದರ್ ಬಗ್ಗಿ ಅವನ ಬಾಯೊಳಗೆ ನೋಡಿ, ಹೋಯ್ತು ಅಂದರು.

ಆದರೆ ಕೆಮ್ಮಿದ ರಭಸಕ್ಕೆ ಫಾದರ ಕೈ ಅಲುಗಿ, ಡಬ್ಬಿಯಲ್ಲಿದ್ದ ಪುಡಿಯಲ್ಲಿ ಒಂದಿಷ್ಟು ಕಂಬಳಿಯ ಮೇಲೆ ಚೆಲ್ಲಿತ್ತು. ಕಂದು ಕಂಬಳಿ, ಕಂದು ರೊಟ್ಟಿ. ಫಾದರ್ ಬೆರಳ ತುದಿ ಒದ್ದೆ ಮಾಡಿ ಹುಡುಕತೊಡಗಿದರು. ನಾನು ಕನ್ನಡಕ ಹಾಕಿಕೊಂಡು ಇನ್ನೊಂದು ಬದಿಯಿಂದ ಬಗ್ಗಿದೆ. ಆಕೆ ಮೇಣದಬತ್ತಿ ಹಿಡಿದು ನಮ್ಮಿಬ್ಬರ ನಡುವೆ ಬಂದರು. ಅಕ್ಕಿಯಲ್ಲಿ ಕಲ್ಲು ಆರಿಸಿದ ಕಣ್ಣು. ನಮಗೆ ಒಂದು ಕಾಣುವಷ್ಟರಲ್ಲಿ ಆಕೆ ಎರಡು ತೋರಿಸುತ್ತಿದ್ದರು. ಮುಗಿಯಿತು ಅಂದುಕೊಂಡ ಮೇಲೂ ಮತ್ತೊಮ್ಮೆ ಕಂಬಳಿಯ ಮೇಲೆ ಅಂಗೈ ಆಡಿಸಿ, ಗಂಡನ ಎದೆಯ ಹತ್ತಿರ ಮಡಿಕೆಯಲ್ಲಿ ಕೊನೆಯದೊಂದನ್ನು ಬೆರಳಿಗೆ ಅಂಟಿಸಿಕೊಂಡರು. ಸಾಸಿವೆಯಷ್ಟೂ ಇರಲಿಲ್ಲ.

"ಇದನ್ನೇನು ಮಾಡ್ಲಿ ಫಾದರ್?"

ಫಾದರ್ ಉತ್ತರ ಹೇಳುವ ಮೊದಲೇ ಬಡಗಿ ಹೆಂಡತಿಯ ಬೆರಳನ್ನು ನೋಡಿ ಬಾಯಿ ತೆರೆದ.

ಆಕೆ ಫಾದರ ಕಡೆ ತಿರುಗಿದರು. ಅವರು ಆಗಲಿ ಅಂತ ತಲೆಯಾಡಿಸಿದರು. ಈ ಸಲ ಅವನು ಕೆಮ್ಮಲಿಲ್ಲ.